ಅಸುಂತಮ್ಮನ ಕೊನೆಯ ಎರಡು ರೀಲು

ಶಿಡ್ಲಘಟ್ಟ,
೧೨ ಫೆಬ್ರವರಿ ೧೯೫೮, ಬುಧವಾರ

ಪ್ರೀತಿಯ ರತ್ನಳಿಗೆ, ನಿನ್ನ ಪದ್ಮಕ್ಕ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ನೀನು ಹೇಗಿದ್ದೀ ಎಂದು ಕೇಳುವ ಶಾಸ್ತ್ರ ಬಿಡುತ್ತೇನೆ. ನಿನ್ನವರು, ನನ್ನ ಮೈದುನ ಪುಟ್ಟಸ್ವಾಮಯ್ಯನವರು, ಮದನಪಲ್ಲಿಯ ಆಸ್ಪತ್ರೆಯಲ್ಲಿ ನಿನ್ನನ್ನು ನೋಡಿಕೊಂಡು ಬಂದವರು, ಬಾವಿಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದರು. ಅವರು ಹೇಳಿದ್ದಕ್ಕಿಂತ ಆ ಕೂತದ್ದೇ ನನಗೆ ಹೆಚ್ಚು ತಿಳಿಸಿತು. ಪಾಪು ನನ್ನ ಪಕ್ಕದಲ್ಲೇ ಮಲಗುತ್ತಾಳೆ. ನಿನ್ನ ಹಾಗೆಯೇ ಸಾರು ಅನ್ನಕ್ಕೆ ಮೊದಲು ಮಜ್ಜಿಗೆ ಅನ್ನ ಕೇಳುತ್ತಾಳೆ.

ನಿನ್ನ ಕಾಗದ ತಲುಪಿತು. ಪಕ್ಕೆಯ ಮೂಳೆ ತೆಗೆದು, ಒಂದು ಭುಜ ಇಳಿದರೂ ಕೆಟ್ಟ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡುವ ಆ ಆಪರೇಷನ್‌ಗೆ ಡಾಕ್ಟರು ತಿಂಗಳ ಕೊನೆಯೊಳಗೆ ಉತ್ತರ ಕೇಳಿದ್ದಾರೆ, ಚಿಂತಾಮಣಿಯಿಂದ ಅಮ್ಮ ಬೇಡ ಎನ್ನುತ್ತಾರೆ, ಅಮ್ಮ ಬೇಡ ಎಂದದ್ದನ್ನು ನಾನು ಮಾಡಿಸಿಕೊಳ್ಳುವುದಿಲ್ಲ ಎಂದು ಬರೆದಿದ್ದೀ. ಜೊತೆಗೆ ನಿನ್ನ ಧಾರೆ ಸೀರೆಯನ್ನು ಪಾಪುವಿಗೆಂದು ಎತ್ತಿಡಬೇಕಂತೆ. ಕಾಗದವನ್ನು ಎಲ್ಲರ ಮುಂದೆ ನಾನೇ ಓದಿದೆ. ಸೀರೆಯ ಸಾಲು ಬಂದಾಗ ಅದನ್ನು ದಾಟಿ ಮುಂದಿನ ಸಾಲಿಗೆ ಹೋದೆ.

ಉತ್ತರ ಬರೆಯಲು ಕೂತಾಗಲೆಲ್ಲ ಒಂದು ಸಿನಿಮಾ ಅಡ್ಡ ಬರುತ್ತಿದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ನಿನಗೆ ನಗು ಬಂದರೆ ಮೆಲ್ಲಗೆ ನಗು, ಕೆಮ್ಮು ಎದ್ದೀತು.

ನಮ್ಮ ಟೆಂಟಿನ ಚೆನ್ನರಾಯಪ್ಪ ಭಾನುವಾರ ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತಾ ಮನೆಗೆ ಬಂದ. ತೆಲುಗಿನ ಪೌರಾಣಿಕ ಚಿತ್ರವೆಂದು ಬೆಳಿಗ್ಗೆಯಿಂದ ಜಟಕಾದಲ್ಲಿ ಸಾರಿಸಿದ್ದಾನೆ. ಬೆಂಗಳೂರಿನಿಂದ ಬಸ್ಸಿನ ಮೇಲೆ ಬಂದ ಪೆಟ್ಟಿಗೆಯನ್ನು ತೆಗೆದರೆ ಯಾರದೋ ಪೆಟ್ಟಿಗೆ ಇವನಿಗೆ ಬಂದಿದೆ. ದಂಡಿನ ಕಡೆಯ ಥಿಯೇಟರಿನಲ್ಲಿ ಇಂಗ್ಲಿಷ್ ಜನ ನೋಡಲಿಕ್ಕೆಂದು ತರಿಸಿದ ಇಟಲಿ ದೇಶದ ಚಿತ್ರ.

“ದೇವ್ರ ಪಿಚ್ಚರ್ ಅಂತ ಊರೆಲ್ಲ ಸಾರಿಸ್ಬಿಟ್ಟಿದೀನಿ ಅಮ್ಮಾವ್ರೇ. ಪೆಟ್ಟಿಗೆ ತೆಗದ್ರೆ ಒಳಗೆ ದೊರೆಸಾನಿ ಅವ್ಳೆ. ಇವತ್ತು ಆಟ ಇಲ್ಲ ಅಂದ್ರೆ ಟೆಂಟು ಉಳಿಯಲ್ಲ. ಕೆಳಗಡೆ ಇಂಗ್ಲಿಷ್ನಾಗೆ ಏನೋ ಬರ್ತದಂತೆ. ನೀವು ಓದ್ಕಂಡು ಮೈಕ್ನಾಗೆ ಕನ್ನಡದಾಗೆ ಹೇಳ್ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ” ಎಂದ.

ಹೆಡ್ ಮಾಸ್ಟರ ಹೆಂಡತಿ ಟೆಂಟಿನ ಮೈಕಿನ ಮುಂದೆ ಕೂರುವುದೇ ಎಂದು ನಾನು ಹಿಂಜರಿದೆ. ನಿಮ್ಮ ಭಾವನವರು ಪತ್ರಿಕೆ ಕೆಳಗಿಳಿಸದೆಯೇ ಹೇಳಿದರು: “ನೀನು ಕಾನ್ವೆಂಟಿನಲ್ಲಿ ಓದಿದ್ದರಿಂದ ಈ ಮನೆಗೆ ಇದುವರೆಗೂ ಆದ ಉಪಯೋಗ ಅಂದ್ರೆ ಔಷಧಿ ಸೀಸೆ ಮೇಲಿನ ಚೀಟಿ ಓದೋದು. ಹೋಗು, ಊರಿಗೂ ಸ್ವಲ್ಪ ಆಗಲಿ.” ಅತ್ತೆಯವರು ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದರು. ದೇವರ ಚಿತ್ರವಲ್ಲ ಎಂದರೂ ಕೇಳಲಿಲ್ಲ. “ಅಷ್ಟು ಜನದ ಮಧ್ಯೆ ನಿನ್ನೊಬ್ಬಳನ್ನೇ ಕಳಿಸೋಕಾಗತ್ಯೇ?” ಎಂದು ಹೊರಟೇಬಿಟ್ಟರು. ನೀನು ಆಸ್ಪತ್ರೆಗೆ ಹೋದ ಮೇಲೆ ಅವರು ಹೊಸ್ತಿಲು ದಾಟಿ ಹೊರಗೆ ಹೊರಟದ್ದು ಅವತ್ತೇ ಮೊದಲು.

ಇಟಲಿಯವರು ಇಂಥ ನಾಟಕಕ್ಕೆ ಆಪೆರ ಎನ್ನುತ್ತಾರೆ. ನಮ್ಮ ಕಂಪನಿ ನಾಟಕದಲ್ಲಿ ಮಾತಿನ ನಡುವೆ ಹಾಡು ಬಂದರೆ, ಅವರಲ್ಲಿ ಮಾತೆಂಬುದೇ ಇಲ್ಲ, ನೀರು ಬೇಕೆಂದರೂ ಹಾಡಿಯೇ ಕೇಳಬೇಕು. ನಾನು ಓದುವಾಗ ಸಿಸ್ಟರೊಬ್ಬರು ಗ್ರಾಮಫೋನಿನಲ್ಲಿ ಇಂಥವನ್ನು ಹಾಕಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಈ ಚಿತ್ರದವರು ಅಂಥದೊಂದು ಹಳೆಯ ನಾಟಕವನ್ನು ರಂಗದಿಂದ ಕೆಳಗಿಳಿಸಿ, ನಿಜವಾದ ಸರೋವರದ ದಡದಲ್ಲಿ, ನಿಜವಾದ ಬೀದಿಗಳಲ್ಲಿ ನಡೆಸಿದ್ದರು. ಹಾಡು ಮಾತ್ರ ಹಾಗೆಯೇ ಇತ್ತು.

ಮೊದಲ ರೀಲಿನಲ್ಲೇ ಜನ ಮಣ್ಣು ತೂರುತ್ತಾರೆ ಎಂದು ಚೆನ್ನರಾಯಪ್ಪ ಟಿಕೆಟ್ ಕಿಂಡಿಯ ಹಿಂದೆ ಸೇರಿಕೊಂಡಿದ್ದ. ಆದರೆ ಪರದೆಯ ಮೇಲೆ ಏನು ಬಂತು ಗೊತ್ತೇ? ರೇಷ್ಮೆ ಬಿಚ್ಚುವ ಕಾರ್ಖಾನೆ. ಸಾಲಾಗಿ ಬಿಸಿನೀರಿನ ತೊಟ್ಟಿಗಳು, ಹಬೆ, ಗೂಡು, ತಲೆಗೆ ಬಟ್ಟೆ ಕಟ್ಟಿದ ಹೆಂಗಸರು. ನಮ್ಮ ಊರೇ. ಅವರಲ್ಲಿ ಒಬ್ಬಳು ಅಸುಂತಾ ಎಂಬ ಹುಡುಗಿ, ತೊಟ್ಟಿಯ ಮುಂದೆ ಎದ್ದು ನಿಂತು ಕೈ ಚಾಚಿ ಹಾಡತೊಡಗಿದಳು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಹಿಂದಿನ ಬೀದಿಯ ಓಬಳಮ್ಮ, ಗೊತ್ತಲ್ಲ, ಗೂಡು ಬಿಚ್ಚುವವಳು, ಹೆಂಗಸರ ಕಡೆಯಿಂದ ಕೂಗಿದಳು: “ಗೂಡು ಬೆಂದೋಗ್ತದೆ ಕಣಮ್ಮೋ, ಕೂತ್ಕಂಡು ಹಾಡು.” ಟೆಂಟಿಗೆ ಟೆಂಟೇ ನಕ್ಕಿತು. ಅಲ್ಲಿಂದ ಮುಂದೆ ಅವಳು ಅಸುಂತಮ್ಮ ಆದಳು, ನಮ್ಮವಳಾದಳು.

ಕಥೆ ದೊಡ್ಡದೇನಲ್ಲ. ಕಾರ್ಖಾನೆಯ ಯಜಮಾನನ ಮಗ ಅವಳನ್ನು ಇಷ್ಟಪಡುತ್ತಾನೆ. ಮನೆಯವರು ಬಿಡುವುದಿಲ್ಲ. ಅವಳಿಗೆ ಎದೆಯ ಕಾಯಿಲೆ ಹಿಡಿಯುತ್ತದೆ. ಅವನಿಗೆ ಹೊರೆಯಾಗಬಾರದೆಂದು ಯಾರಿಗೂ ಹೇಳದೆ ಬೆಟ್ಟದ ಮೇಲಿನ ಒಂದು ಮನೆಗೆ ಹೊರಟು ಹೋಗುತ್ತಾಳೆ.

ರತ್ನ, ನಾನು ಅಲ್ಲಿ ತಪ್ಪಿದೆ. ಕೆಳಗೆ ಬಂದ ಇಂಗ್ಲಿಷ್ ಮಾತು ‘ಕ್ಷಯ’ ಎಂದೇ ಹೇಳಿತು. ನಾನು ಮೈಕಿನಲ್ಲಿ “ಜ್ವರ ಬಂತು” ಎಂದೆ. ಮುಂದಿನ ಬೆಂಚಿನಲ್ಲಿ ಅತ್ತೆಯವರು ಕೂತಿದ್ದರು. ನೀನು ಎಲ್ಲಿದ್ದೀ ಎಂಬುದು ಊರಿಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ ಅಷ್ಟೆ. ಅಷ್ಟರಲ್ಲಿ ಅಸುಂತಾ ಕರ್ಚೀಫು ಬಾಯಿಗಿಟ್ಟು ತೆಗೆದಳು. ಓಬಳಮ್ಮ ಮೆಲ್ಲಗೇ ಹೇಳಿದಳು, ಆದರೂ ಎಲ್ಲರಿಗೂ ಕೇಳಿಸಿತು: “ಜ್ವರ ಅಲ್ಲಮ್ಮ ಅದು. ಬಟ್ಟೆ ನೋಡಿ.” ತಲೆಗಳು ಒಂದೊಂದಾಗಿ ಅತ್ತೆಯವರ ಕಡೆ ತಿರುಗಿದವು. ಅವರು ಪರದೆಯನ್ನೇ ನೋಡುತ್ತಿದ್ದರು.

ಮುಂದಿನ ರೀಲು ಹಾಕಿದಾಗ ಅವಳು ಹಾಸಿಗೆಯಲ್ಲಿದ್ದಳು. ಜ್ವರದ ತಾಪಕ್ಕೆಂದು ಕೂದಲನ್ನು ಕತ್ತಿನವರೆಗೆ ಕತ್ತರಿಸಿದ್ದರು. ಅವನು ಯಾವಾಗ ಬಂದನೋ ತಿಳಿಯದು, ಪಕ್ಕದಲ್ಲಿದ್ದ. ಅವನ ತೋಳಿನಲ್ಲಿ ಅವಳು ಹಾಡುತ್ತಾ ಹಾಡುತ್ತಾ ಸತ್ತಳು. ಅಷ್ಟು ಕಾಯಿಲೆಯವಳು ಇಷ್ಟು ಜೋರಾಗಿ ಹಾಡುತ್ತಾಳೆಯೇ ಎಂದು ಯಾರೂ ತಮಾಷೆ ಮಾಡಲಿಲ್ಲ. ಹೆಂಗಸರ ಕಡೆ ಮೂಗು ಸೀಟುವ ಸದ್ದು ಮಾತ್ರ. ನನಗೆ ಕೆಳಗಿನ ಅಕ್ಷರಗಳೇ ಕಾಣಲಿಲ್ಲ, ಮೈಕನ್ನು ಪಕ್ಕಕ್ಕೆ ಸರಿಸಿದೆ.

ಜನ ಎದ್ದರು. ಆಗ ಪ್ರೊಜೆಕ್ಟರ್ ನಡೆಸುವ ಕೋನಪ್ಪ ಗೂಡಿನಿಂದ ತಲೆ ಹೊರಗೆ ಹಾಕಿ, “ಕೂತ್ಕಳಿ, ಇನ್ನೊಂದು ಡಬ್ಬ ಐತೆ” ಎಂದು ಕೂಗಿದ. ಟೆಂಟಿನ ಪದ್ಧತಿ ನಿನಗೆ ಗೊತ್ತು. ಒಂದು ರೀಲು ಬಿಟ್ಟರೆಂದು ಜನಕ್ಕೆ ಅನುಮಾನ ಬಂದರೂ ಪರದೆ ಹರಿಯುತ್ತಾರೆ. ಡಬ್ಬ ಉಳಿದರೆ ಹಾಕಲೇಬೇಕು. ಬೆಂಗಳೂರಿನಲ್ಲೇ ಯಾರೋ ಕೊನೆಯ ಎರಡು ರೀಲುಗಳನ್ನು ಅದಲುಬದಲು ಡಬ್ಬಗಳಲ್ಲಿ ಇಟ್ಟಿದ್ದರು. ಹೀಗಾಗಿ ಸಾವಿನ ರೀಲು ಮೊದಲೇ ಓಡಿಹೋಗಿ, ಅದಕ್ಕಿಂತ ಹಿಂದಿನದು ಉಳಿದುಕೊಂಡಿತ್ತು.

ದೀಪ ಆರಿತು. ಬೆಟ್ಟದ ಮನೆಯ ಬಾಗಿಲು ತೆರೆಯಿತು. ಬಿಸಿಲಿನಲ್ಲಿ, ಒಂದು ಭುಜದ ಮೇಲೆ ಬಿಳಿ ಶಾಲು ಹೊದ್ದು, ಉದ್ದ ಜಡೆ ಇಳಿಬಿಟ್ಟುಕೊಂಡು ಅಸುಂತಾ ಹೊಸ್ತಿಲಿಗೆ ಬಂದಳು. ಅವನು ಬೆಟ್ಟ ಹತ್ತಿಕೊಂಡು ಬರುತ್ತಿದ್ದಾನೆ. ಅವಳು ಹಾಡುತ್ತಿದ್ದಾಳೆ.

ಹೊರಟಿದ್ದವರು ನಿಂತಲ್ಲೇ ಕೂತರು. ಆಮೇಲೆ ಓಬಳಮ್ಮನ ದನಿ: “ಎದ್ದವ್ಳೆ.”

ನಾನು ಹೇಳಬೇಕಾದದ್ದು ನನಗೆ ಗೊತ್ತಿತ್ತು. ‘ಇದು ಹಿಂದೆ ನಡೆದದ್ದು, ರೀಲು ತಪ್ಪಾಗಿದೆ.’ ಮೈಕು ಹತ್ತಿರ ಎಳೆದುಕೊಂಡೆ. ನಾಲ್ಕು ಗಂಟೆಗೆ ಐದು ನಿಮಿಷ ಇದ್ದಾಗ ‘ನಾಲ್ಕಾಯಿತು’ ಎಂದರೆ ತಿದ್ದುವವಳು ನಾನು; ನೀನೇ ಎಷ್ಟು ಸಲ ಆಡಿಕೊಂಡಿಲ್ಲ. ಅಷ್ಟರಲ್ಲಿ, ಗಂಡಸರಿರುವ ಕಡೆ ಎಂದೂ ದನಿ ಎತ್ತದ ಅತ್ತೆಯವರು ಬೆಂಚಿನಿಂದ ಅರ್ಧ ಎದ್ದು ನನ್ನನ್ನೇ ಕೇಳಿದರು: “ಹೇಗೆ ಬದುಕಿದಳೇ, ಪದ್ಮಾ?”

ನಾನು ಹೇಳಿದೆ: “ಆಪರೇಷನ್ ಮಾಡಿದರು ಅತ್ತೆ. ಗುಣವಾಯಿತು.”

ಮೈಕಿನಲ್ಲಿ. ಇಡೀ ಟೆಂಟಿಗೆ.

ಒಂದು ಸಲ ಹೇಳಿದ ಮೇಲೆ ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ. ಕೆಲಸವನ್ನೆಲ್ಲ ಜನರೇ ವಹಿಸಿಕೊಂಡರು. “ಅದುಕ್ಕೇ ಒಂದು ಭುಜ ಮುಚ್ಕಂಡವ್ಳೆ, ಪಕ್ಕೆ ಕುಯ್ದವ್ರೆ” ಎಂದು ಒಬ್ಬಳು. “ಜಡೆ ಎಲ್ಲಿಂದ ಬಂತೇ?” ಎಂದು ಇನ್ನೊಬ್ಬಳು. “ಚೌರಿ ಕೂದ್ಲು ಕಣೇ, ನಿಂಗಿಲ್ವಾ” ಎಂದು ಓಬಳಮ್ಮ. ಗಂಡಸರ ಕಡೆಯಿಂದ ಯಾರೋ, “ಮದನಪಲ್ಲಿನಾಗೇ ಮಾಡಿದ್ದಾ ಆಪರೇಸನ್ನು?” ಎಂದರು. ಯಾರೂ ನಗಲಿಲ್ಲ. ಅವರಿಬ್ಬರೂ ಬಾಗಿಲಲ್ಲಿ ಕೈ ಹಿಡಿದು ಹಾಡುತ್ತಿರುವಾಗಲೇ ರೀಲು ಮುಗಿಯಿತು. ಜನ ಶಿಳ್ಳೆ ಹಾಕಿ ಎದ್ದರು.

ದಾರಿಯಲ್ಲಿ ಅತ್ತೆಯವರು ನನಗಿಂತ ಮುಂದೆ ನಡೆದರು. ಮನೆಯ ಮೆಟ್ಟಿಲ ಹತ್ತಿರ, “ಭುಜ ಒಂದು ಸ್ವಲ್ಪ ಇಳಿದಿರತ್ತೆ, ಅಷ್ಟೇ ತಾನೆ?” ಎಂದರು. ಅಷ್ಟೇ ಎಂದೆ. ಮರುದಿನ ಬೆಳಿಗ್ಗೆ ಹಿತ್ತಲಿನ ಗೂಡಿನಲ್ಲಿ ಬೇರೆ ಇಟ್ಟಿದ್ದ ನಿನ್ನ ತಟ್ಟೆ ಲೋಟಗಳನ್ನು ಅವರೇ ತಂದು, ಹುಣಸೆಹಣ್ಣು ಹಾಕಿ ಬೆಳಗಿ, ಕುದಿಯುವ ನೀರು ಹುಯ್ದು, ಅಡುಗೆಮನೆಯ ಹಲಗೆಯ ಮೇಲೆ ಬೋರಲು ಹಾಕಿದರು. ನೀರಿಗೆ ಹೋದಾಗ ಓಬಳಮ್ಮ ಬಾವಿಯ ಹತ್ತಿರ ರಾಜಾರೋಷವಾಗಿ ಕೇಳಿದಳು: “ನಮ್ಮ ಚಿಕ್ಕಮ್ಮಾವ್ರಿಗೆ ಯಾವತ್ತು ಆಪರೇಸನ್ನು?” ನೀನು ಹೋದ ಮೇಲೆ ಊರಿನಲ್ಲಿ ಒಬ್ಬರು ನಿನ್ನ ಸುದ್ದಿಯನ್ನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ಇನ್ನು ನಿನಗೆ ಹೇಳಬೇಕಾದದ್ದು. ಅಸುಂತಾ ಸತ್ತಳು ರತ್ನ. ಅವಳಿಗೆ ಯಾರೂ ಆಪರೇಷನ್ ಮಾಡಲಿಲ್ಲ. ಊರಿಗೆ ನಾನು ಏನು ಹೇಳಿರಲಿ, ನಿನಗೆ ಆ ಅದಲುಬದಲು ರೀಲನ್ನು ತೋರಿಸಿ ಹೂಂ ಅನ್ನಿಸುವ ಹಕ್ಕು ನನಗಿಲ್ಲ. ಈ ಕಾಗದ ಬರೆಯಲು ಎರಡು ದಿನ ತಡವಾದದ್ದು ಇದಕ್ಕೇ. ಅತ್ತೆಯವರ ಮುಖ ಅರಳಿದ್ದನ್ನು ನೋಡಿ, ನಿನಗೂ ಅದೇ ಕಥೆ ಬರೆದುಬಿಡೋಣ ಎಂದು ಒಂದು ಮನಸ್ಸು. ಬೇಡ ಎಂದು ಇನ್ನೊಂದು. ಅತ್ತೆಯವರಿಗೆ ಹೇಳಿದ್ದು ಸುಳ್ಳೋ ಸಮಾಧಾನವೋ ನನಗೇ ತಿಳಿಯದು. ನಿನಗೆ ಹೇಳಿದರೆ ಅದು ಖಂಡಿತ ಸುಳ್ಳು, ಏಕೆಂದರೆ ಕತ್ತಿಯ ಕೆಳಗೆ ಮಲಗುವವಳು ನೀನು.

ಆದ್ದರಿಂದ ಇರುವುದನ್ನೇ ಹೇಳುತ್ತೇನೆ. ಆ ನಾಟಕ ಕಟ್ಟಿದ ಕಾಲದಲ್ಲಿ ಈ ಕಾಯಿಲೆಗೆ ಹಾಡುವುದೊಂದೇ ಉಳಿದಿತ್ತು. ಈಗ ಇಂಜೆಕ್ಷನ್ ಇದೆ, ಈ ಆಪರೇಷನ್ ಇದೆ. ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಎದ್ದು ಮನೆಗೆ ಹೋಗಿದ್ದಾರೆ, ಎಲ್ಲರೂ ಅಲ್ಲ ಎಂದು ಡಾಕ್ಟರು ನಿಮ್ಮ ಭಾವನವರಿಗೆ ಬರೆದಿದ್ದಾರೆ. ಆ ‘ಎಲ್ಲರೂ ಅಲ್ಲ’ ಎಂಬುದನ್ನು ನಾನು ಸೀರೆಯ ಸಾಲಿನಂತೆ ದಾಟಿಹೋಗುವುದಿಲ್ಲ. ಉಸಿರು ಅರ್ಧವಾದರೆ ಹಾಡುವುದು ಹೇಗೆ ಎಂದು ಹಿಂದೊಮ್ಮೆ ನೀನು ಕೇಳಿದ್ದೆ. ನನಗೆ ಗೊತ್ತಿಲ್ಲ. ಸಂಜೆ ದೇವರ ಮನೆಯಲ್ಲಿ ನೀನು ಹಾಡುವಾಗ ನಾನು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡದೆ ನಿಲ್ಲುತ್ತಿದ್ದೆ. ಅದನ್ನು ನಿನಗೆ ಎಂದೂ ಹೇಳಿರಲಿಲ್ಲ. ನೀನು ಗುನುಗಿದರೂ ನನಗೆ ಸಾಕು.

ನಿನ್ನ ತಾಯಿ ಬೇಡವೆನ್ನುವುದಕ್ಕೆ ಕಾರಣ ನೀನು ಬರೆದಿಲ್ಲ. ನಾನು ಊಹಿಸಬಲ್ಲೆ. ಹೋದ ದೀಪಾವಳಿಗೆ ರಾಮಲಕ್ಷ್ಮಮ್ಮನವರು ಇಲ್ಲಿಗೆ ಬಂದಾಗ ಹಿತ್ತಲಿನ ಗೂಡಿನಲ್ಲಿ ನಿನ್ನ ತಟ್ಟೆ ಲೋಟ ನೋಡಿದರು. ಆಮೇಲೆ ಊಟಕ್ಕೆ ನಿಲ್ಲಲಿಲ್ಲ. ಮಗಳನ್ನು ಕೊಯ್ದು ಸೊಟ್ಟ ಭುಜ ಮಾಡಿ ಕಳಿಸಿದರೆ ಈ ಮನೆಯವರು ಎಲ್ಲಿ ಇಡುತ್ತಾರೆ ಎಂದು ಅವರಿಗೆ ಅನ್ನಿಸಿದ್ದರೆ ತಪ್ಪು ಅವರದಲ್ಲ.

ಚೆನ್ನರಾಯಪ್ಪನಿಗೆ ಈಗ ಆಸೆ ಹತ್ತಿದೆ. ಎರಡು ದಿನ ಟೆಂಟು ತುಂಬಿತು. ಚಿಂತಾಮಣಿಯಲ್ಲಿ ಅವನ ಭಾವಮೈದುನನ ಟೆಂಟಿದೆ, ಶುಕ್ರವಾರ ಅಲ್ಲಿಗೂ ಬಂದು ಕಥೆ ಹೇಳಿ ಎಂದು ದುಂಬಾಲು ಬಿದ್ದಿದ್ದಾನೆ. ಆಗುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ. ಒಂದು ಊರಿಗೆ ಹೇಳಿದ್ದೇ ಸಾಕು.

ನೀನು ಯೋಚಿಸು. ಅಮ್ಮನಿಗಾಗಿ ಅಲ್ಲ, ನಮಗಾಗಿಯೂ ಅಲ್ಲ. ಪಾಪು ನಿನ್ನನ್ನು ಕೇಳುತ್ತಾಳೆ ಎಂದು ಬರೆದು ನಿನ್ನ ಕೈ ಕಟ್ಟಿಹಾಕಲು ನನಗೆ ಇಷ್ಟವಿಲ್ಲ. ಕೇಳುತ್ತಾಳೆ ಎಂಬುದೇನೋ ನಿಜ.

ನಿನ್ನ ತಟ್ಟೆಯ ಪಕ್ಕದಲ್ಲೇ ತನ್ನ ತಟ್ಟೆ ಇಟ್ಟುಕೊಂಡಿರುವ,
ಪದ್ಮಕ್ಕ

ಮತ್ತೆ ಬರೆದದ್ದು: ಚಿಂತಾಮಣಿ, ಶನಿವಾರ ಬೆಳಿಗ್ಗೆ.

ಕಾಗದವನ್ನು ಅಂಚೆಗೆ ಹಾಕಲಿಲ್ಲ. ಆಗುವುದಿಲ್ಲ ಎಂದವಳೇ ನಿನ್ನೆ ಚಿಂತಾಮಣಿಗೆ ಬಂದೆ, ನಿನ್ನ ಅಮ್ಮನ ಊರೆಂದು. ಆಟಕ್ಕೆ ಬನ್ನಿ ಎಂದು ನಿನ್ನ ತಾಯಿಯವರಿಗೆ ಮೊದಲೇ ಹೇಳಿ ಕಳಿಸಿದ್ದೆ, ಅದನ್ನೂ ಮುಚ್ಚಿಡುವುದಿಲ್ಲ. ಆಟಕ್ಕೆ ಮೊದಲು, ಪೆಟ್ಟಿಗೆಯ ಜೊತೆ ಇಲ್ಲಿಗೆ ಬಂದಿದ್ದ ಕೋನಪ್ಪ ಹತ್ತಿರ ಬಂದು, “ರೀಲು ಹಿಂದುಮುಂದಾಗೈತೆ ಅಂತ ಈಗ ಗೊತ್ತಾಯ್ತಮ್ಮಾ. ಸರಿ ಮಾಡ್ಲಾ, ಹಂಗೇ ಬಿಡ್ಲಾ?” ಎಂದ. ಹಾಗೇ ಬಿಡು ಎಂದೆ. ಮೈಕಿನಲ್ಲೂ ಅದೇ ಆಪರೇಷನ್ ಕಥೆ ಹೇಳಿದೆ.

ಆಟ ಮುಗಿದು ಜನ ಹೊರಟ ಮೇಲೆ ರಾಮಲಕ್ಷ್ಮಮ್ಮನವರು ಮೈಕಿನ ಹತ್ತಿರ ಬಂದು ನಿಂತರು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

“ಪದ್ಮಮ್ಮನೋರೇ, ಸಾಯೋವಾಗ ಕತ್ತಿನವರೆಗೆ ಇದ್ದ ಕೂದಲು ಬಾಗಿಲಿಗೆ ಬರೋ ಹೊತ್ತಿಗೆ ಸೊಂಟಕ್ಕೆ ಬಂತಲ್ಲ, ಏನು ಎಣ್ಣೆ ಹಾಕಿದ್ರಂತೆ? ಪಕ್ಕದೋರು ಚೌರಿ ಅಂದ್ರು. ಹೆಣ್ಣು ಮಗಳ ತಲೆ ಬಾಚಿ ಬೆಳೆಸಿದೋಳು ನಾನು, ಚೌರಿ ಯಾವುದು ಸ್ವಂತದ್ದು ಯಾವುದು ಗೊತ್ತಾಗಲ್ವೇ? ಆ ಹುಡುಗಿ ಸತ್ತೇ ಹೋದಳು, ಪಾಪ.”

ನಾನು ತಲೆ ತಗ್ಗಿಸಿದೆ. ಅವರು ನನ್ನ ಕೈ ಹಿಡಿದುಕೊಂಡರು.

“ಸತ್ತೋಳನ್ನ ಊರೋರ ಮುಂದೆ ಬದುಕಿಸಿದ್ರಲ್ಲ. ನನ್ನ ಮಗಳು ಸೊಟ್ಟ ಭುಜ ಹೊತ್ಕೊಂಡು ಬಂದ್ರೂ ಬಾಗಿಲು ತೆಗೆಯೋರು ಆ ಮನೇಲಿ ಇದಾರೆ ಅಂತಾಯ್ತು. ನನಗೆ ಬೇಕಾಗಿದ್ದುದು ಅಷ್ಟೇ. ಆಪರೇಷನ್ ಮಾಡಿಸಲಿ.”

ಇವತ್ತಿನ ಬಸ್ಸಿಗೆ ಅವರು ನಿನ್ನ ಬಳಿ ಬರುತ್ತಿದ್ದಾರೆ. ಈ ಕಾಗದ ಅವರ ಕೈಯಲ್ಲೇ ಕೊಟ್ಟಿದ್ದೇನೆ. ಡಾಕ್ಟರಿಗೆ ಏನು ಹೇಳಬೇಕೆಂಬುದನ್ನು ಈಗಲೂ ನಿನಗೇ ಬಿಟ್ಟಿದ್ದೇನೆ. ಅವರ ಚೀಲದಲ್ಲಿ ಹರಳೆಣ್ಣೆ ಸೀಸೆಯಿದೆ. ಮೊದಲು ಅಮ್ಮನ ಮುಂದೆ ಕೂತು ತಲೆ ಬಾಚಿಸಿಕೋ.